ಕಿಟ್ಟ

ಯಾರೋ ಕೃಷ್ಣಮೂರ್ತಿಯ ಮುದ್ದಿನ ಹೆಸರಿರಬೇಕು ಅಂದುಕೊಂಡು
ರಸೀದಿ ಪುಸ್ತಕದಲ್ಲಿ 'ಶ್ರೀ ಕಿಟ್ಟ ಮತ್ತು ಸಂಗಡಿಗರು' ಎಂದು ಬರೆದೆ.
ಸೆಲ್ವರಾಣಿ ನಕ್ಕಳು: ಅಣ್ಣಾ, ಕಬ್ಬಿಣ ಕರಗಿಸುವಾಗ
ಮೇಲೆ ತೇಲುತ್ತಲ್ಲ, ಬಳಿದು ಬಿಸಾಡ್ತಾರಲ್ಲ,
ಅದು ನಾವು.

ನನ್ನದು ಮೈಕ್‌ಸೆಟ್ ಅಂಗಡಿ, ಭದ್ರಾವತಿ ಹಳೇನಗರ,
ರೇಣುಕಾಂಬ ಸೌಂಡ್ಸ್, ಮಾಲೀಕರು ಗುತ್ಯಪ್ಪ.
ಮದುವೆ, ನಾಮಕರಣ, ಯೂನಿಯನ್ ಸಭೆ, ಸತ್ತವರ ಮನೆಯ ಭಜನೆ,
ಇಷ್ಟಕ್ಕೆ ಪಳಗಿದ ಪೆಟ್ಟಿಗೆಗಳು.
ಅವರು ಕೇಳಿದ್ದು ಒಂದು ಮಧ್ಯಾಹ್ನ, ಕೊಟ್ಟದ್ದು ಮುನ್ನೂರೈವತ್ತು ರೂಪಾಯಿ,
ಅದರಲ್ಲೂ ಎಂಬತ್ತು ಚಿಲ್ಲರೆ.

ಇನಾಸನ ಗಿಟಾರು ಇಗರ್ಜಿಯದು, ಕೇಳದೆ ತಂದದ್ದು.
ಮುನೀರನ ಡ್ರಮ್ಮಿಗೆ ಒಂದು ಕಾಲಿಲ್ಲ;
ಎರಡು ಇಟ್ಟಿಗೆ, ಮೇಲೊಂದು ಐಟಿಐ ಪುಸ್ತಕ.
ಮಾನಪ್ಪಾಚಾರಿಯ ಮಗ ಕಾಳಿಂಗ
ಹಲಸಿನ ಹಲಗೆಯಲ್ಲಿ ತಾನೇ ಕೆತ್ತಿದ ಬೇಸು
ಬಚ್ಚಲ ಬಾಗಿಲಿನಷ್ಟು ಭಾರ.
ಸೆಲ್ವರಾಣಿ ಬರಿಗೈಲಿ ಬಂದಿದ್ದಳು.
ಅಪ್ಪ ಫೌಂಡ್ರಿಯ ಗುತ್ತಿಗೆ ಕೂಲಿ, ಮೂರು ತಿಂಗಳಿಂದ ಗೇಟಿನ ಹೊರಗೆ.

ಸ್ಟೂಲಿನ ಮೇಲೆ ಟೇಪ್‌ರೆಕಾರ್ಡರ್ ಇಟ್ಟು ಎರಡು ಗುಂಡಿ ಒತ್ತಿದೆ.
ಮುನೀರ ನಾಲ್ಕರ ತನಕ ಎಣಿಸಿದ್ದೇ
ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ಕೂತಿತು.
ತಗ್ಗಿಸಿ, ತಗ್ಗಿಸಿ ಅಂತ ಕೈಬೀಸಿದೆ.
ಅವರು ಅದನ್ನು ಮೆಚ್ಚುಗೆ ಅಂದುಕೊಂಡರು.
ಹಾಡಿಗೊಂದು ಪಲ್ಲವಿ ಇರಬೇಕಲ್ಲ;
ಇಲ್ಲಿ ಶುರು ಎಲ್ಲಿ ಎಂದು ಹುಡುಕುವಷ್ಟರಲ್ಲಿ ಮುಗಿದಿರುತ್ತಿತ್ತು.
'ಹಾಜರಿ' ಐವತ್ತು ಸೆಕೆಂಡು.
'ಕ್ಯಾಂಟೀನ್ ಕೂಪನ್' ಮೂವತ್ತೆಂಟು.
'ಅಪ್ಪನ ಟೋಕನ್' ಬರೀ ನಂಬರು,
ನಾಲ್ಕು ಅಂಕಿ, ಹನ್ನೊಂದು ಸಲ. ಹನ್ನೊಂದನೆಯದಕ್ಕೆ ದನಿ ಒಡೆಯಿತು,
ಅಳುವೋ ಏನೋ; ಕಾಲು ಕಟ್ಟಿದ ಎಮ್ಮೆ
ಒದೆಯುವ ಮುಂಚೆ ಬಿಡುವ ಉಸಿರಿನಂಥದ್ದು.

ಏಳನೇ ಹಾಡಿನ ನಡುವೆ ಕರೆಂಟು ಹೋಯಿತು.
ಗಿಟಾರು ಸತ್ತಿತು. ಬೇಸು ಸತ್ತಿತು. ಮೈಕು ಸತ್ತಿತು.
ಟೇಪ್‌ರೆಕಾರ್ಡರಿಗೆ ಮಾತ್ರ ಹೊಟ್ಟೆಯಲ್ಲಿ ಆರು ಸೆಲ್ಲು.
ಮುನೀರ ಬಡಿಯುತ್ತಲೇ ಇದ್ದ.
ಸೆಲ್ವರಾಣಿ ಸತ್ತ ಮೈಕನ್ನು ಕೆಳಗಿಟ್ಟು
ಬಾಗಿಲ ತನಕ ನಡೆದು, ಬೀದಿಗೆ ಮುಖಮಾಡಿ ಕೂಗಿದಳು.
ಕ್ಯಾಸೆಟ್ಟಿನಲ್ಲಿ ಕೇಳಿಸುತ್ತದೆ: ಅವಳು ದೂರ ಹೋಗುವುದು,
ಚಪ್ಪಲಿ, ಇನಾಸನ ತಂತಿಯ ಮೇಲೆ ಉಗುರು,
ಎದುರಿನ ಸೈಕಲ್ ಶಾಪಿನವ 'ಏನ್ರೀ ಅದು' ಅನ್ನುವುದು,
ಎರಡು ಗಂಟೆಯ ಸೈರನ್ನು.

ಅಳಿಸಿ ಮತ್ತೆ ಮಾಡೋಣ ಅಂದೆ.
ಸೆಲ್ಲಿನ ದುಡ್ಡು ಯಾರು ಕೊಡ್ತಾರೆ, ಇರಲಿ ಬಿಡಿ, ಅಂದರು.

ನೂರಾ ಹತ್ತು ಪ್ರತಿ. ಹೊದಿಕೆ ಜೆರಾಕ್ಸ್,
ಕಡೆಯ ಮೂವತ್ತರಲ್ಲಿ ಮಸಿ ಮುಗಿದು ಹೆಸರೇ ಮೂಡಿಲ್ಲ.
'ಮೊದಲ ಪಾಳಿ' ಅಂತಿತ್ತು. ಎರಡನೆಯ ಪಾಳಿ ಬರಲಿಲ್ಲ.
ಇನಾಸ ಗಿಟಾರು ವಾಪಸಿಟ್ಟು ಪಾದ್ರಿಗಳಿಂದ ಬೈಸಿಕೊಂಡ.
ಮುನೀರನ ಸುದ್ದಿ ಗೊತ್ತಿಲ್ಲ.
ಕಾಳಿಂಗನ ಬೇಸು ಅವರ ಅಡುಗೆಮನೆಯಲ್ಲಿ ಈಳಿಗೆಮಣೆ.
ಸೆಲ್ವರಾಣಿ ಲಕ್ಕವಳ್ಳಿ ಕಡೆ ಅಂಗನವಾಡಿಯಲ್ಲಿ;
ಒಂದು ಮಾತಿಗೆ ಮಕ್ಕಳೆಲ್ಲ ಗಪ್‌ಚುಪ್ಪಂತೆ.

ಹೋದ ವರ್ಷ ಶಿವಮೊಗ್ಗ, ದುರ್ಗಿಗುಡಿಯ ಒಂದು ಮಹಡಿ ಹಾಲು.
ಯಾರೋ ಹುಡುಗರು, ದಾವಣಗೆರೆಯವರು, ಇಪ್ಪತ್ತು ದಾಟಿಲ್ಲ.
ಸೌಂಡು ನನ್ನದೇ.
ಏಳನೇ ಹಾಡಿನ ನಡುವೆ ಒಬ್ಬ ಸನ್ನೆ ಮಾಡಿದ:
ಅಂಕಲ್, ಮೇನ್ ಆಫ್ ಮಾಡಿ.
ಯಾಕಪ್ಪಾ?
ಅದು ಹಂಗೇ ಅಂಕಲ್. ಎಲ್ಲಾರೂ ಹಂಗೇ ಮಾಡೋದು.
ಮೊದಲು ಕಿಟ್ಟದೋರು ಮಾಡಿದ್ದು.

ಕರೆಂಟು ಹೋಗದಿರಲೆಂದು ಇಷ್ಟು ವರ್ಷ
ದಿನಾ ಆಂಪ್ಲಿಫೈಯರಿಗೆ ಊದಿನಕಡ್ಡಿ ಬೆಳಗಿದವ ನಾನು.
ಸ್ವಿಚ್ಚಿನ ಮೇಲೆ ಕೈಯಿಟ್ಟೆ.
ಅದು ಕೆಇಬಿಯವರು ಮಾಡಿದ್ದು ಮಗಾ, ಅನ್ನೋಣ ಅನಿಸಿತು.
ಅನ್ನಲಿಲ್ಲ.

ಕತ್ತಲಲ್ಲಿ ಡ್ರಮ್ಮೊಂದೇ ಉಳಿದಾಗ
ನಲವತ್ತು ಜನ ಬಾಗಿಲ ಕಡೆ ತಿರುಗಿದರು,
ಯಾರೋ ಅಲ್ಲಿಗೆ ನಡೆದು ಬರಲೇಬೇಕು ಎಂಬಂತೆ.